ನಿಮ್ಮಾಂವಂದು ಸ್ವಂತದ್ದು ಏನೈತ್ರಿ?

ಗಿಟಾರ್ ವಾದಕರ ವಿಷಯದಲ್ಲಿ ನಾನು ಏಕಪತ್ನೀವ್ರತಸ್ಥ. ಪ್ರಾಯದಲ್ಲಿ ಒಮ್ಮೆ ಕೊಲ್ಹಾಪುರದ ಕ್ಯಾಸೆಟ್ ಅಂಗಡಿಯಲ್ಲಿ ಅವ್ವನಿಗೆಂದು ಭಜನೆಯ ಕ್ಯಾಸೆಟ್ಟು ಕೇಳಿ ತಂದೆ. ಮನೆಯಲ್ಲಿ ಹಾಕಿ ನೋಡಿದರೆ ಡಬ್ಬಿಯ ಮೇಲೆ ವಿಠ್ಠಲ, ಒಳಗೆ ವಿಲಾಯತಿ ಗಿಟಾರು. ಅವ್ವ ಸ್ವಲ್ಪ ಹೊತ್ತು ಕೈ ಮುಗಿದುಕೊಂಡೇ ಕೇಳಿದಳು. ಆಮೇಲೆ, "ಇದರಾಗ ದೇವ್ರ ಹೆಸರು ಯಾವಾಗ ಬರ್ತೈತೋ?" ಎಂದಳು. ಬರಲಿಲ್ಲ. ನಾನು ಕ್ಯಾಸೆಟ್ಟನ್ನು ವಾಪಸು ಕೊಡಲೂ ಹೋಗಲಿಲ್ಲ.

ಆ ವಾದಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಸರಿಯಾಗಿ ಉಚ್ಚರಿಸುವುದು ನನಗೆ ಇನ್ನೂ ಸಿದ್ಧಿಸಿಲ್ಲ. ಅದೂ ಅಲ್ಲದೆ, ಹೆಸರು ಹೇಳಿದ ಕೂಡಲೆ ಎದುರು ಪಕ್ಷದವರು ವಾದಕ್ಕೆ ನಿಲ್ಲುತ್ತಾರೆ, ಮತ್ತು ಈ ಶಾಸ್ತ್ರದಲ್ಲಿ ಎದುರು ಪಕ್ಷವಿಲ್ಲದ ಊರೇ ಇಲ್ಲ. ಹೀಗಾಗಿ ನಾನು ಅವನನ್ನು 'ನಮ್ಮಾಂವ' ಎನ್ನುತ್ತೇನೆ. ನಮ್ಮ ಕಡೆ ಇದು ಬಹಳ ಉಪಯೋಗಕ್ಕೆ ಬರುವ ಶಬ್ದ. ಮಗ, ತಮ್ಮ, ಅಳಿಯ, ಚುನಾವಣೆಗೆ ನಿಂತ ಓಣಿಯ ಹುಡುಗ, ಯಾರು ಬೇಕಾದರೂ ನಮ್ಮಾಂವ ಆಗಬಹುದು. ಎದುರಿನವರ ಕಡೆಯವನಾದರೆ 'ನಿಮ್ಮಾಂವ'. ಇಂಥ ಶಬ್ದದಿಂದ ಒಂದು ಲಗ್ನ ಮುರಿಯುವ ಹಂತಕ್ಕೆ ಬರಬಹುದು ಎಂಬುದು ಗಡಹಿಂಗ್ಲಜಕ್ಕೆ ಹೋಗುವವರೆಗೆ ನನಗೆ ಹೊಳೆದಿರಲಿಲ್ಲ.

ನಮ್ಮಾಂವ ವೇಗದವನು. ವೇಗದವನನ್ನೇ ನಾನು ಮೆಚ್ಚಿದ್ದಕ್ಕೆ ಕಾರಣ ರಸಿಕತೆಯಲ್ಲ, ಕಸುಬು. ನಮ್ಮ ತಂದೆ ಬೆಳಗಾವಿ ಕಡೆಯಿಂದ ಇಚಲಕರಂಜಿಗೆ ಬಂದು ಮೊದಲು ಬೇರೆಯವರ ಮಗ್ಗದ ಮುಂದೆ ನಿಂತವರು, ಆಮೇಲೆ ಪಕ್ಕದ ಕಬನೂರಿನಲ್ಲಿ ತಮ್ಮದೇ ನಾಲ್ಕು ಪವರ್‌ಲೂಮ್ ಹಾಕಿದವರು. ಮಗ್ಗಗಳು ಓಡುತ್ತಿರುವ ಶೆಡ್ಡಿನಲ್ಲಿ ಮನುಷ್ಯನ ಕಂಠ ಬದುಕುವುದಿಲ್ಲ. ಅಲ್ಲಿ ಜನ ತುಟಿ ನೋಡಿ ಮಾತು ತಿಳಿಯುತ್ತಾರೆ. ತಬಲಾ ಹಾಕಿದರೆ ಮಗ್ಗ ನುಂಗುತ್ತದೆ, ಕೊಳಲಿನ ಕಥೆ ಹೇಳುವುದೇ ಬೇಡ. ಆ ಗದ್ದಲದ ಮೇಲೆ ತಲೆಯೆತ್ತಿ ನಿಂತದ್ದು ನಮ್ಮಾಂವನ ಗಿಟಾರ್ ಒಂದೇ. ಅದರ ಮೇಲೆ ಇನ್ನೊಂದು ಸಂಗತಿ. ಲಾಳಿ ಒಮ್ಮೆ ಅತ್ತಿಂದಿತ್ತ ಓಡಿ ಒಂದು ಹೊಕ್ಕುನೂಲು ಬಿದ್ದರೆ ಅದಕ್ಕೆ ನಾವು 'ಪಿಕ್' ಎನ್ನುತ್ತೇವೆ. ಒಂದು ಇಂಚಿನಲ್ಲಿ ಪಿಕ್ ಹೆಚ್ಚಿದ್ದಷ್ಟೂ ಬಟ್ಟೆ ಗಟ್ಟಿ. ಗಿಟಾರಿನ ತಂತಿ ಮೀಟುವ ಆ ಪುಟ್ಟ ಚೂರಿನ ಹೆಸರೂ ಪಿಕ್ ಎಂದು ತಿಳಿದ ದಿನ, ಈ ವಿಶ್ವವನ್ನು ಯಾರೋ ವಿಚಾರ ಮಾಡಿಯೇ ಕಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಂದಿನಿಂದ ನಾನು ವಾದಕರನ್ನು ಬಟ್ಟೆಯಂತೆಯೇ ತೂಗುತ್ತೇನೆ. ನಮ್ಮಾಂವನದು ಕ್ಯಾನ್ವಾಸು. ಉಳಿದವರದು ಹೆಚ್ಚಾಗಿ ಗಾಯಕ್ಕೆ ಕಟ್ಟುವ ಬ್ಯಾಂಡೇಜು.

ಈಗ ಮಗಳ ವಿಷಯ. ಆಕೆ ಕೊಲ್ಹಾಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಚಷ್ಮಾದ ನಂಬರು ತೆಗೆಯುವ ಕೆಲಸದಲ್ಲಿದ್ದಾಳೆ. ಅಲ್ಲಿಗೆ ಚಷ್ಮಾಕ್ಕೆಂದು ಬಂದ ಹುಡುಗನೊಬ್ಬ ಕಣ್ಣು ಸರಿಯಾಗಿದ್ದರೂ ಮತ್ತೆ ಮತ್ತೆ ಬಂದನು. ಕೊಲ್ಹಾಪುರದ ಫೌಂಡ್ರಿಗಳಿಗೆ ಅಚ್ಚಿನ ಮಾದರಿ ಮಾಡಿಕೊಡುವ ಸ್ವಂತ ವರ್ಕ್‌ಶಾಪು ಅವನದು. ಮನೆ ಗಡಹಿಂಗ್ಲಜ, ತಂದೆ ಮೆಣಸಿನಕಾಯಿ ವ್ಯಾಪಾರಿ. ಹುಡುಗ ನಮಗೆ ಒಪ್ಪಿಗೆಯಾದ. ಉಳಿದದ್ದು, ನಾನೂ ಹೆಂಡತಿಯೂ ಹೋಗಿ ಅವರ ಮನೆ ನೋಡಿ, ಹಿರಿಯರು ಹಿರಿಯರು ಕೂತು ಹೂಂ ಅನ್ನುವುದು.

ಹೊರಡುವ ಮೊದಲು ಮಗಳು ಫೋನಿನಲ್ಲಿ ಹೇಳಿದಳು: "ಪಪ್ಪಾ, ಅವರ ಪಪ್ಪಾಗೂ ಗಿಟಾರಿನ ಹುಚ್ಚು ಐತಿ. ಆದ್ರ ಅವರಿಗೆ ಸೇರೂದು ಬ್ಯಾರೇದಾಂವ. ನಿನ್ನ ಕಾಲು ಬೀಳ್ತೇನಿ, ಅಲ್ಲಿ ಆ ಸುದ್ದಿ ತಗೀಬ್ಯಾಡ. ನಾ ಇವನ್ನ ಬಿಟ್ಟು ಬ್ಯಾರೆ ಯಾರನ್ನೂ ಮಾಡ್ಕೊಳ್ಳಾಂವಲ್ಲ."

"ಮಾಡ್ಕೊಳ್ಳಾಂವಲ್ಲ ಅಲ್ಲ, ಮಾಡ್ಕೊಳ್ಳಾಕಿ ಅಲ್ಲ," ಎಂದು ಮರಾಠಿ ಶಾಲೆಯಲ್ಲಿ ಓದಿದ ಮಗಳ ಕನ್ನಡ ತಿದ್ದಿದೆ.

"ನೋಡು, ಹಿಂಗ ತಪ್ಪು ತಗ್ಯೂದೂ ಬ್ಯಾಡ," ಎಂದು ಫೋನ್ ಇಟ್ಟಳು.

ಹುಡುಗನ ತಂದೆ ಸಭ್ಯ ಗೃಹಸ್ಥರು. ಮೆಣಸಿನಕಾಯಿಯ ಘಾಟಿನಲ್ಲಿ ದಿನ ಕಳೆದವರಾದ್ದರಿಂದ ಕಣ್ಣಲ್ಲಿ ಯಾವಾಗಲೂ ತುಸು ನೀರು. ನೋಡಿದವರಿಗೆ ಬಹಳ ಕರುಣಾಳು ಅನ್ನಿಸುತ್ತದೆ. ಹೆಂಗಸರು ಇಬ್ಬರೂ ಅಡಿಗೆಮನೆಗೆ ಹೋದರು. ಹುಡುಗನನ್ನು ಬಾಸುಂದಿ ತರಲು ಪೇಟೆಗೆ ಅಟ್ಟಿದರು. ನಾವಿಬ್ಬರು ಗಂಡಸರು ಪಡಸಾಲೆಯಲ್ಲಿ ಕೂತು ಮಳೆ, ಕಬ್ಬು, ನೂಲಿನ ದರ, ಮೆಣಸಿನಕಾಯಿಯ ದರ ಎಲ್ಲವನ್ನೂ ಕ್ರಮವಾಗಿ ಮುಗಿಸಿದೆವು. ಮಾತು ಖಾಲಿಯಾಗಿ ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಾಗ ಅವರ ಮೊಬೈಲು ನುಡಿಯಿತು. ಗಿಟಾರಿನ ಒಂದು ಸ್ವರ. ಎಳೆದ ಸ್ವರ. ಎಳೆಯುತ್ತಲೇ ಇರುವ ಸ್ವರ.

"ಯಾರೋ ಫೋನ್ ಮಾಡ್ಯಾರ್ರಿ," ಎಂದೆ.

"ಇರ್ಲಿ ಬಿಡ್ರಿ. ಇದೊಂದು ಮುಗೀಲಿ," ಎಂದರು ಕಣ್ಣು ಮುಚ್ಚಿ. ಎರಡನೆಯ ಸ್ವರ ಬರುವ ಮೊದಲೇ ಫೋನ್ ಮಾಡಿದವನು ಬೇಸತ್ತು ಇಟ್ಟುಬಿಟ್ಟ.

ಅವರು ಕಣ್ಣು ತೆರೆದು, "ಹೆಂಗನಸ್ತ್ರಿ?" ಎಂದು ಕೇಳಿದರು.

ಸುದ್ದಿ ತೆಗೆದದ್ದು ನಾನಲ್ಲ, ಫೋನು. ಕೇಳಿದ್ದಕ್ಕೆ ಉತ್ತರ ಕೊಡದಿರುವುದು ಅಸಭ್ಯತೆ. "ಶುರು ಆದ ಮ್ಯಾಲ ಹೇಳ್ತೇನ್ರಿ," ಎಂದೆ.

ನನ್ನ ಪಕ್ಷ ಯಾವುದೆಂದು ಮಗ ಅವರಿಗೆ ಮೊದಲೇ ಹೇಳಿದ್ದ. ಅವರು ಸ್ವಲ್ಪ ಮುಂದಕ್ಕೆ ಸರಿದು ಕೂತರು. "ಸಾವಕಾರ್ರ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮಾಂವ ಬಾರಸೂದು ಕೇಳಿದ್ರ, ಅವನ ಬೆನ್ನಿಗೆ ಯಾರೋ ನಾಯಿ ಬಿಟ್ಟಾರ ಅನಸ್ತೈತ್ರಿ."

"ನೀವೂ ತಪ್ಪು ತಿಳ್ಕೋಬ್ಯಾಡ್ರಿ ಯಜಮಾನ್ರ. ನಿಮ್ಮಾಂವ ಬಾರಸೂದು ಕೇಳಿದ್ರ, ಆ ನಾಯಿ ಮಲ್ಕೊಂಡೈತಿ ಅನಸ್ತೈತ್ರಿ."

ಲಗ್ನದ ಮಾತಿಗೆ ಕೂತವರು ಒಬ್ಬರಿಗೊಬ್ಬರು ಏಕವಚನ ಬಳಸುವಂತಿಲ್ಲ, ದನಿ ಏರಿಸುವಂತಿಲ್ಲ. ಆದ್ದರಿಂದ ನಮ್ಮ ಜಗಳ 'ರೀ' ಸಮೇತ, ಚಹಾ ಬಸಿ ಕೈಯಲ್ಲಿ ಹಿಡಿದುಕೊಂಡು, ನಗುಮುಖದಿಂದಲೇ ಬೆಳೆಯಿತು. ಅವರು ತಮ್ಮ ಕಸುಬಿನಿಂದ ದೃಷ್ಟಾಂತ ಕೊಟ್ಟರು: "ಖಾರ ಎಷ್ಟೈತಿ ಅಂತ ನೋಡಾಕ ಒಂದ ಕಾಯಿ ಕಡದ್ರ ಸಾಕ್ರಿ. ಪೂರ್ತಿ ಚೀಲ ಬಾಯಾಗ ಸುರಕೊಳ್ಳಬೇಕೇನು?" ನಾನು ನನ್ನ ಕಸುಬಿನಿಂದ ಉತ್ತರಿಸಿದೆ: "ಒಂದ ಪಿಕ್ ಹಾಕಿ ಮಗ್ಗ ಬಂದ್ ಮಾಡಿದ್ರ ಅದಕ್ಕ ಬಟ್ಟಿ ಅನ್ನೂದಿಲ್ರಿ, ದಾರ ಅಂತಾರ."

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾತು ಸ್ವಂತಿಕೆಯತ್ತ ಹೊರಳಿತು. ಸ್ವಂತಿಕೆಯ ಬಗ್ಗೆ ಇಚಲಕರಂಜಿಯವನು ಮಾತಾಡಬಾರದು. ನಮ್ಮಲ್ಲಿ ಮುಂಜಾನೆ ಒಂದು ಶೆಡ್ಡಿನಲ್ಲಿ ಹೊಸ ಚೌಕಳಿ ನಮೂನೆ ಹಾಕಿದರೆ ಸಂಜೆಗೆ ಪಕ್ಕದ ಓಣಿಯಲ್ಲಿ ಅದರ ತಮ್ಮ ಹುಟ್ಟಿರುತ್ತಾನೆ. ಅದಕ್ಕೆ ಯಾರೂ ಕಳವು ಎನ್ನುವುದಿಲ್ಲ, 'ಸ್ಯಾಂಪಲ್ ನೋಡಿದ್ದು' ಎನ್ನುತ್ತಾರೆ. ಆದರೂ ಸಂಗೀತದಲ್ಲಿ ನಾನು ಕಟ್ಟುನಿಟ್ಟಿನವನು. ಅವರ ಮೆಚ್ಚಿನವನು ಹಿಂದಿನ ಕಾಲದ ಬಡ ಹಾಡುಗಾರರಿಂದ ಎತ್ತಿಕೊಂಡದ್ದನ್ನು ನಾನು ಒಂದೊಂದಾಗಿ ಎತ್ತಿ ಆಡಿದೆ. ಅವರು ತಮ್ಮವನ ಜೀವನಚರಿತ್ರೆಯನ್ನೇ ತೆಗೆದು ಸಮರ್ಥನೆಗೆ ನಿಂತರು.

ಇದೇ ಹೊತ್ತಿಗೆ ಅಡಿಗೆಮನೆಯಲ್ಲಿ ಚಟ್ನಿಗೆ ಮಿಕ್ಸರ್ ಹಾಕುತ್ತಿದ್ದರು. ಮಿಕ್ಸರ್ ಒಮ್ಮೆ ಗರ್ಜಿಸುವುದು, ಒಮ್ಮೆ ನಿಲ್ಲುವುದು. ಗರ್ಜಿಸುವಾಗ ನಾವು ಆಡಿದ ಗಿಟಾರು, ತಂತಿ, ಸ್ವರ, ಪಿಕ್ ಎಲ್ಲ ಚಟ್ನಿಯ ಜೊತೆ ಅರೆದುಹೋದವು. ನಿಂತಾಗ ಪರದೆಯಾಚೆ ಕೇಳಿಸಿದ ಮಾತುಗಳನ್ನು ನನ್ನ ಹೆಂಡತಿ ಆಮೇಲೆ ದಾರಿಯುದ್ದಕ್ಕೂ ನನಗೆ ಒಪ್ಪಿಸಿದಳು.

ಮೊದಲು ನನ್ನದು: "ನಿಮ್ಮಾಂವಂದು ಸ್ವಂತದ್ದು ಅಂತ ಏನೈತ್ರಿ? ಎಲ್ಲಾ ಕಾಪಿ ಹೊಡದು ಮ್ಯಾಲ ಬಂದಾಂವ."

ಹುಡುಗನ ತಾಯಿಯ ಕೈಯಲ್ಲಿ ಚಮಚೆ ನಿಂತಿತು. ಮಗ ಡಿಪ್ಲೊಮಾ ಪಾಸಾಗಲು ರಾತ್ರಿ ಹಗಲು ಓದಿದ್ದನ್ನು ಕಂಡವರು ಅವರು. ಸ್ವಂತ ವರ್ಕ್‌ಶಾಪನ್ನು ಇಲ್ಲವೆನ್ನುವುದೆಂದರೇನು? ನನ್ನ ಹೆಂಡತಿ ನಾಚಿಕೆಯಿಂದ, "ಇಲ್ರಿ ವೈನಿ, ಅವರು ಹಂಗ ಅನ್ನಾವ್ರಲ್ಲ," ಎಂದು ಹೇಳುವಷ್ಟರಲ್ಲಿ ಮಿಕ್ಸರ್ ಮತ್ತೊಮ್ಮೆ ಗರ್ಜಿಸಿ ನಿಂತಿತು. ಈಗ ಹುಡುಗನ ತಂದೆಯ ದನಿ, ಅಭಿಮಾನ ತುಂಬಿದ್ದು:

"ಕುಡಿಯೂದು ಬಿಟ್ಟ ಮ್ಯಾಲ ನಮ್ಮಾಂವ ಭಾಳ ಸುಧಾರಿಸ್ಯಾನ್ರಿ!"

ನನ್ನ ಹೆಂಡತಿ ಪರದೆಯ ಕಡೆ ಹೊರಟಳಂತೆ. ತಲುಪುವ ಮೊದಲೇ ಮುಂದಿನದು ಬಂತು:

"ಮೂರು ಲಗ್ನ ಮುರಕೊಂಡ್ರೂ ಅವನ ಕೈಯಾಗಿನ ಹದ ಹೋಗಿಲ್ಲ ನೋಡ್ರಿ!"

ಪರದೆ ಸರಿಯಿತು. ನನ್ನ ಹೆಂಡತಿ ಪಡಸಾಲೆಗೆ ಬಂದು, ಕಣ್ಣಲ್ಲಿ ನೀರು, "ಏಳ್ರಿ. ನಾವು ಊರಿಗೆ ಹೋಗೂಣು," ಎಂದಳು. ಆಕೆಯ ಹಿಂದೆ ಹುಡುಗನ ತಾಯಿ, ಕೈಯಲ್ಲಿ ಚಮಚೆ, ಗಂಡನ ಕಡೆಗೆ ತಿರುಗಿ: "ಏನ್ರಿ, ಒಂದು ಲಗ್ನ ಮಾಡಾಕ ನಾ ಇಲ್ಲಿ ಒದ್ದಾಡಾಕತ್ತೇನಿ. ಮೂರು ಯಾವಾಗ ಮಾಡಿ ಮುಗಿಸಿದ್ರಿ?"

ಸರಿಯಾಗಿ ಆಗಲೇ ಹುಡುಗ ಬಾಸುಂದಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ. ತಾಯಿ ಅವನನ್ನೂ ಬಿಡಲಿಲ್ಲ. "ನೀನರ ಹೇಳೋ. ಕುಡೀತಿದ್ದೇನು?"

ಹುಡುಗ ಒಮ್ಮೆ ಎಲ್ಲರ ಮುಖ ನೋಡಿದ. ಆಮೇಲೆ ತಂದೆಯನ್ನು, ಕಳ್ಳಭಟ್ಟಿ ಹಿಡಿಯಲು ಬಂದ ಪೊಲೀಸನ ದನಿಯಲ್ಲಿ ಕೇಳಿದ: "ಪಪ್ಪಾ, ಗಿಟಾರಾ?"

ತಂದೆ ಕ್ಯಾಲೆಂಡರ್ ನೋಡಿದರು.

ನಾವು ವಿವರಿಸಿದೆವು. ಇಬ್ಬರೂ ಒಟ್ಟಿಗೆ ವಿವರಿಸಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಒಬ್ಬೊಬ್ಬರಾಗಿ ವಿವರಿಸಿದಾಗ ತಿಳಿಯಿತು, ಆದರೆ ನಂಬಿಕೆ ಬರಲಿಲ್ಲ. ತಲೆಗೂದಲು ನೆರೆತ ಇಬ್ಬರು ಗಂಡಸರು ಕಂಡಿಲ್ಲದ ಊರಿನ, ಹೆಸರು ಹೇಳಲು ಬಾರದ ಇಬ್ಬರಿಗಾಗಿ ಇಷ್ಟು ಬಿಸಿಯಾಗುತ್ತಾರೆ ಎನ್ನುವುದಕ್ಕಿಂತ ಹುಡುಗ ಮೂರು ಲಗ್ನವಾಗಿದ್ದಾನೆ ಎನ್ನುವುದೇ ಹೆಂಗಸರಿಗೆ ಸಂಭವನೀಯವಾಗಿ ತೋರಿತು. ನನ್ನ ಹೆಂಡತಿ ನಿಂತೇ ಇದ್ದಳು. "ಹಂಗಾದ್ರ ಹಚ್ಚಿ ತೋರಸ್ರಿ. ಇಬ್ಬರದೂ."

ಮಗಳ ಬಾಳು ಹೀಗೆ ಎರಡು ಮೊಬೈಲುಗಳ ಮೇಲೆ ಬಂದು ನಿಂತಿತು. ನಾನು ನಮ್ಮಾಂವನನ್ನು ಹಚ್ಚಿದೆ. ಅವನು ತನ್ನ ಸ್ವಭಾವದಂತೆ ಸ್ವರಗಳನ್ನು ಒಂದರ ಮೇಲೊಂದು ಸುರಿದು, ಚಹಾದ ಕಪ್ಪು-ಬಸಿಗಳೂ ನಡುಗುವಂತೆ ಬಾರಿಸಿದ. ಆಮೇಲೆ ಅವರು ತಮ್ಮವನನ್ನು ಹಚ್ಚಿದರು. ಈ ಸಲ ಫೋನ್ ಇಡುವವರು ಯಾರೂ ಇರಲಿಲ್ಲವಾದ್ದರಿಂದ ಎರಡನೆಯ ಸ್ವರವೂ ಕೇಳಿಸಿತು. ಅದು ಕೆಟ್ಟದ್ದಾಗಿರಲಿಲ್ಲ, ಈ ಮಾತನ್ನು ನಾನು ಅಲ್ಲಿ ಆಡಲಿಲ್ಲ.

ಹೆಂಗಸರಿಬ್ಬರೂ ತಲೆ ಓರೆ ಮಾಡಿ ಕೇಳಿದರು. ಅವರ ಮುಖದ ಮೇಲಿನ ಅನುಮಾನ ಇಳಿಯಿತು. ಇಷ್ಟು ನಿರುಪಯೋಗಿ ವಸ್ತುವನ್ನು ಯಾರೂ ಸುಳ್ಳು ಹೇಳಲು ಹುಟ್ಟಿಸಿರಲಾರರು. ನನ್ನ ಹೆಂಡತಿ ಕೂತಳು. ಆಮೇಲೆ ಹುಡುಗನ ತಾಯಿ ನಮ್ಮಿಬ್ಬರ ಕಡೆ ನೋಡಿ, ನಿಜವಾದ ಕುತೂಹಲದಿಂದ ಕೇಳಿದರು:

"ಎರಡೂ ಒಂದ ಅಲ್ಲೇನ್ರಿ?"

"ಹೌದ್ರಿ ವೈನಿ, ನನಗೂ ಹಂಗ ಕೇಳಸ್ತು," ಎಂದಳು ನನ್ನ ಹೆಂಡತಿ. "ಒಂದು ಗಡಿಬಿಡಿ, ಒಂದು ಸಾವಕಾಶ. ಹಾಡು ಅದ."

"ಬ್ಯಾಂಡಿನಾವ್ರು ಲಗ್ನದ ವರಾತಿ ಮುಂದ ಬಾರಸ್ತಾರಲ್ಲ, ಅದಕ್ಕೂ ಇದಕ್ಕೂ ಏನ ಫರಕ?" ಎಂದರು ಹುಡುಗನ ತಾಯಿ.

ಇಡೀ ಪ್ರಾಯ ಒಬ್ಬ ವಾದಕನಿಗೆ ಮೀಸಲಿಟ್ಟವನ ಎದೆಯಲ್ಲಿ ಆಗ ಏನಾಗುತ್ತದೆ ಎಂದು ಹೇಳಬಲ್ಲೆ. ಎದುರು ನೋಡಿದರೆ ಅದೇ ಪೆಟ್ಟು ಅವರ ಮುಖದ ಮೇಲೂ ಇತ್ತು. ಕಣ್ಣಲ್ಲಿ ನೀರಂತೂ ಮೊದಲೇ ಇತ್ತು. ಇಷ್ಟು ಹೊತ್ತು ನನ್ನವನನ್ನು ತಿಂದುಹಾಕಿದ ಈ ಮನುಷ್ಯ ಕೊನೆಪಕ್ಷ ಅವನನ್ನು ಬೇರೆ ಎಂದು ಗುರುತಿಸಿಯಾದರೂ ಬೈದಿದ್ದರು. ಅಂಥವರು ಈ ತಾಲೂಕಿನಲ್ಲಿ ಎಷ್ಟು ಜನ ಸಿಕ್ಕಾರು? ನನಗೆ ಅರಿವಿಲ್ಲದೆ ಬಾಯಿಂದ ಬಂತು:

"ಕೇಳಿದ್ರೇನ್ರಿ ಬೀಗ್ರ?"

"ಕೇಳಿದ್ನಿ ಬೀಗ್ರ," ಎಂದರು ಅವರು ಬಹಳ ಸಂಕಟದಿಂದ. "ಏನ್ ಮಾಡೂದ್ರಿ."

ಎರಡೂ ಕಡೆಯವರು ಹೂಂ ಅನ್ನದ ಹೊರತು ಬಾಯಲ್ಲಿ ತರಬಾರದ ಶಬ್ದ, ಬೀಗರು ಎನ್ನುವುದು. ತಂದವರು ತಿರುಗಿ ನುಂಗುವಂತಿಲ್ಲ. ಒಬ್ಬರು ಕರೆದು ಇನ್ನೊಬ್ಬರು ಓಗೊಟ್ಟರೆ ಲಗ್ನ ಮುಗಿದಂತೆಯೇ, ಉಳಿದದ್ದು ಭಟ್ಟರ ಕೆಲಸ. ನಮಗೆ ನಾವು ಆಡಿದ್ದು ತಿಳಿಯುವ ಮೊದಲೇ ಹೆಂಗಸರಿಗೆ ತಿಳಿದಿತ್ತು. ಅವರು ಒಬ್ಬರನ್ನೊಬ್ಬರು ನೋಡಿದರು. ಹುಡುಗ ಬಾಸುಂದಿಯ ಡಬ್ಬಿಯನ್ನು ಅಲ್ಲೇ ಇಟ್ಟು, ಕೊಲ್ಹಾಪುರಕ್ಕೆ ಫೋನ್ ಮಾಡಲು ಅಂಗಳಕ್ಕೆ ಓಡಿದ. ಅವನ ತಾಯಿ ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ತಂದರು.

"ಬಾಯಿ ತಗೀರಿ ಅಣ್ಣಾರ," ಎಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದರು. ನನಗೆ ಇನ್ನೂ ಒಂದು ಮುಖ್ಯವಾದ ಅಂಶ ಮಂಡಿಸುವುದಿತ್ತು, ಪಿಕ್‌ನ ಕುರಿತು. ಸಕ್ಕರೆ ತುಂಬಿದ ಬಾಯಿಂದ ವಾದ ಮಾಡಲಾಗುವುದಿಲ್ಲ. ಬೀಗರಿಗೆ ಸಕ್ಕರೆ ಇನ್ನೂ ಸಿಕ್ಕಿರಲಿಲ್ಲ. ಅವರು ನನ್ನ ಕಡೆಗೆ ಬಾಗಿ, ಹೆಂಗಸರಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದರು:

"ಆದ್ರೂ ಬೀಗ್ರ, ನಿಮ್ಮಾಂವ ಜರಾ ಉಸುರು ತಗೊಂಡಿದ್ರ ಚಲೋ ಬಾರಸ್ತಿದ್ದ."