ಲತಾಮಣಿಯ ಅಂಗಡಿಯಿಂದ ಭಯ ಹೋದದ್ದು

ಅರಸೀಕೆರೆ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಲತಾಮಣಿಯ ‘ಮೈತ್ರಿ ಡಿಟಿಪಿ ಸೆಂಟರ್’ ಇತ್ತು. ಲಗ್ನಪತ್ರಿಕೆ, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಅವಳು ಟೈಪ್ ಮಾಡಿದ್ದರಲ್ಲಿ ಒತ್ತಕ್ಷರ ತಪ್ಪುವುದಿಲ್ಲ ಎಂದು ಹೆಸರಾಗಿತ್ತು. ರೈಲ್ವೆ ಗ್ಯಾಂಗ್‌ಮನ್ ಆಗಿ ನಿವೃತ್ತರಾಗಿದ್ದ ತಂದೆ ಗಂಗಯ್ಯನವರು ದಿನಾ ಅಲ್ಲೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

ಅವಳಿಗಿದ್ದದ್ದು ಒಂದೇ ಭಯ. ಕಂಪ್ಯೂಟರ್ ಜೋಡಿಸಿಕೊಟ್ಟವನು ವಿಂಡೋಸ್ ಸೇರಿ ಎಲ್ಲವನ್ನೂ ನಕಲಿ ಸಿ.ಡಿ.ಯಿಂದ ಹಾಕಿದ್ದ. ಓಣಿಯ ಅಂಗಡಿಗಳಲ್ಲೆಲ್ಲ ಹಾಗೇ ನಡೆಯುತ್ತಿತ್ತು. ಆದರೆ ಎಲ್ಲೋ ಪೊಲೀಸರು ಬಂದು ಕಂಪ್ಯೂಟರುಗಳನ್ನೇ ಹೊತ್ತೊಯ್ದರು ಎಂಬ ಸುದ್ದಿ ಕಿವಿಗೆ ಬಿದ್ದ ಮೇಲೆ, ಗುರುತಿಲ್ಲದವರು ಯಾರು ಬ್ಯಾಗು ಹಿಡಿದು ಒಳಬಂದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ವಿಮೆ ಏಜೆಂಟನನ್ನು ಕಂಡು ಮೇನ್ ಸ್ವಿಚ್ಚನ್ನೇ ಆರಿಸಿ, ಅರ್ಧ ಮುಗಿದಿದ್ದ ಲಗ್ನಪತ್ರಿಕೆ ಕಳೆದುಕೊಂಡಿದ್ದಳು.

೨೦೦೫ರ ಕೊನೆಗೆ ತಾಲ್ಲೂಕು ಪಂಚಾಯಿತಿ ಚುನಾವಣೆ ಬಂತು. ಗಂಡಸಿಯ ಕೊಬ್ಬರಿ ವ್ಯಾಪಾರಿ ನಂಜಪ್ಪ ಪಕ್ಷೇತರರಾಗಿ ನಿಂತಿದ್ದರು. ಅವರ ಕರಪತ್ರವನ್ನು ಪ್ರೆಸ್ಸಿಗೆ ಕಳಿಸಬೇಕಾದ ದಿನವೇ ಕಂಪ್ಯೂಟರ್ ಏಳಲಿಲ್ಲ. ಯಾರದೋ ಫ್ಲಾಪಿಯಿಂದ ವೈರಸ್ ಹೊಕ್ಕಿತ್ತು. ನಂಜಪ್ಪ ಬಂದು ಬೆಂಚಿನ ಮೇಲೆ ಕೂತರು. ರಿಪೇರಿಯವನನ್ನು ಕರೆಸಿದರೆ ಅವನು ತರುವುದೂ ಅದೇ ನಕಲಿ ಸಿ.ಡಿ. ಲತಾಮಣಿ ಕಣಕಟ್ಟೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅಕ್ಕನ ಗಂಡ ದೇವರಾಜನಿಗೆ ಫೋನ್ ಮಾಡಿದಳು.

ಶಾಲೆ ಬಿಟ್ಟ ಮೇಲೆ ಬಸ್ ಹಿಡಿದು ಬಂದ ದೇವರಾಜ್, ವಿಂಡೋಸ್ ಇಲ್ಲದೆಯೂ ಕಂಪ್ಯೂಟರನ್ನು ನೇರವಾಗಿ ನಡೆಸಬಲ್ಲ, ಅಂಚೆಯಲ್ಲಿ ತರಿಸಿದ್ದ ಲಿನಕ್ಸ್ ಸಿ.ಡಿ.ಯೊಂದನ್ನು ಒಳಗೆ ಹಾಕಿದ.

“ಎಷ್ಟು ಕೊಟ್ರಿ ಇದಕ್ಕೆ?” ನಂಜಪ್ಪ ಕೇಳಿದರು.

“ಪುಕ್ಕಟೆ.”

“ಪುಕ್ಕಟೆ ಅಂದ್ರೆ ನಂಬಬ್ಯಾಡಿ ಮೇಷ್ಟ್ರೇ. ಎಲೆಕ್ಷನ್‌ನಾಗೆ ಸೀರೆ ಹಂಚ್ದಂಗೆ. ಹಿಂದೆ ಏನೋ ಐತೆ.”

“ಹಿಂದೆ ಏನೈತೆ ಅಂತ ಯಾರು ಬೇಕಾದ್ರೂ ತೆಗೆದು ನೋಡಬೋದು ನಂಜಪ್ಪನೋರೇ. ತಪ್ಪಿದ್ರೆ ತಿದ್ದಬೋದು. ಬಚ್ಚಿಟ್ಟಿಲ್ಲ.”

ಗಂಗಯ್ಯನವರು ಪೇಪರ್ ಮಡಚಿದರು. “ಹಂಗಾದ್ರೆ ಸಂವಿಧಾನ ಇದ್ದಂಗೆ ಅನ್ನು.”

“ಸರಿಯಾಗಿ ಹೇಳಿದ್ರಿ ಮಾವ.”

“ಓದಬೋದು ಅಂತ ಇದ್ರೂ ಓದೋರು ಎಷ್ಟು ಜನ ಅವ್ರೆ, ಅದನ್ನ ಹೇಳು.”

ಅಷ್ಟರಲ್ಲಿ ಪರದೆ ಬೆಳಗಿತು. ಹಳೆಯ ಫೈಲುಗಳೆಲ್ಲ ಹಾಗೇ ಇದ್ದವು. ಲತಾಮಣಿ ಉಸಿರು ಬಿಟ್ಟಳು. ಆದರೆ ಕರಪತ್ರ ತೆರೆದರೆ ಕನ್ನಡದ ಬದಲು ತಲೆಬುಡವಿಲ್ಲದ ಗುರುತುಗಳು.

“ನನ್ನ ಹೆಸರನ್ನ ಯಾವ ದೇಶಕ್ಕೆ ಕಳಿಸಿದ್ರಿ?” ಎಂದರು ನಂಜಪ್ಪ. ನಗಲಿಕ್ಕೆ ಹೇಳಿದ ಮಾತಾದರೂ ಅವರ ಮುಖದಲ್ಲಿ ನಗುವಿರಲಿಲ್ಲ.

ಹಳೆಯ ಡಿಸ್ಕಿನಿಂದ ಕನ್ನಡ ಫಾಂಟನ್ನು ಹುಡುಕಿ ತಂದು ಹಾಕಿದಾಗ ಅಕ್ಷರಗಳು ಮರಳಿದವು: ‘ನಿಮ್ಮ ಮನೆಮಗ ನಂಜಪ್ಪ’. ಕೆಳಗೆ ಕೈಮುಗಿದ ಫೋಟೋ. ಪ್ರಿಂಟರ್ ಬಹಳ ಹೊತ್ತು ಸತಾಯಿಸಿ, ಕೊನೆಗೆ ಗರ್ ಎಂದು ಹಾಳೆ ಎಳೆದುಕೊಂಡಿತು. ನಂಜಪ್ಪ ಬಿಸಿ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಪ್ರೆಸ್ಸಿನ ಕಡೆ ಹೊರಟರು.

“ಈಗ ವಿಂಡೋಸ್ ಹಾಕಿಸ್ಕೋತೀಯೇನಮ್ಮ?” ದೇವರಾಜ್ ಕೇಳಿದ.

“ಬೇಡ ಭಾವ. ಇದನ್ನೇ ಹಾಕ್ಬಿಡಿ. ಕದ್ದಿದ್ದನ್ನ ಇಟ್ಕೊಂಡು ನನಗೆ ಸಾಕಾಗೈತೆ.”

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಕೈಗೆ ಒಗ್ಗಿದ್ದ ಮೆನುಗಳು ಇರಲಿಲ್ಲ. ಬಾರ್ಡರು ಕೂರಿಸುವ ಉಪಾಯವನ್ನು ಹೊಸದಾಗಿ ಕಲಿಯಬೇಕಾಯಿತು. ಗಿರಾಕಿಗಳು ತಂದ ಕೆಲವು ಫೈಲುಗಳು ತೆರೆಯುತ್ತಲೇ ಇರಲಿಲ್ಲ. ಅವರು ಪಕ್ಕದ ಅಂಗಡಿಗೆ ಹೋಗುವುದನ್ನು ನೋಡುತ್ತಾ ಕೂತಿರಬೇಕಿತ್ತು. ‘ಯಾಕಾದ್ರೂ ಹಾಕಿಸಿಕೊಂಡೆನೋ’ ಎಂದು ಅವಳು ಗೊಣಗಿದ್ದೂ ಉಂಟು. ಇತ್ತ ನಂಜಪ್ಪ ಚುನಾವಣೆಯಲ್ಲಿ ಸೋತರು. ಆದರೂ ಕರಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲವೆಂದು ಹೋದಲ್ಲೆಲ್ಲ ಹೇಳಿದರು.

ಬೇಸಿಗೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಓಣಿಯಲ್ಲಿ ಜೀಪು ನಿಂತಿತು. ಪೇದೆಯೊಬ್ಬರ ಜೊತೆ ಇಬ್ಬರು, ನಕಲಿ ಸಿ.ಡಿ. ಹಾಕಿದ ಕಂಪ್ಯೂಟರುಗಳನ್ನು ಹುಡುಕುತ್ತಾ ಅಂಗಡಿಯಿಂದ ಅಂಗಡಿಗೆ ಬರುತ್ತಿದ್ದರು. ಒಂದೆರಡು ಷಟರುಗಳು ಸರ್ರನೆ ಇಳಿದವು. ಲತಾಮಣಿಯ ಕೈ ಮೇನ್ ಸ್ವಿಚ್ಚಿನ ಕಡೆ ಹೋಯಿತು. ತಪ್ಪಿಲ್ಲವೆಂದು ಗೊತ್ತಿದ್ದರೂ ಮೈ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ಅವರಲ್ಲೊಬ್ಬರು ಪರದೆಯ ಮುಂದೆ ಬಗ್ಗಿದರು. “ಇದೇನ್ರೀ ಇದು?”

“ಲಿನಕ್ಸ್ ಸರ್. ಎಲ್ರೂ ಬಳಸ್ಬಹುದು.”

ಅವರು ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿ ನೋಡಿದರು. ಬೇರೇನೂ ಸಿಗಲಿಲ್ಲ. “ಸರಿ ಬಿಡಿ, ನಿಮ್ಮದೇನೂ ತೊಂದ್ರೆ ಇಲ್ಲ,” ಎಂದು ಹೊರಟರು.

ಗಂಗಯ್ಯನವರು ಮಡಕೆಯಿಂದ ನೀರು ಬಗ್ಗಿಸಿ ತಂದರು. ಅವಳು ಗಟಗಟ ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಯಾಕೆಂದು ತಿಳಿಯದೆ ನಕ್ಕಳು. ತಂದೆಯೂ ನಕ್ಕರು. ಅವತ್ತು ಅಪ್ಪ ಮಗಳು ಬೇಗನೆ ಬಾಗಿಲು ಹಾಕಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ನಡೆದುಕೊಂಡೇ ಮನೆಗೆ ಹೋದರು.

ಸುದ್ದಿ ಹೇಗೋ ಬೇಲೂರಿಗೂ ಮುಟ್ಟಿತು. ಅಲ್ಲಿ ಇಂಥದೇ ಅಂಗಡಿ ನಡೆಸುತ್ತಿದ್ದ ಗೆಳತಿ ಹೇಮಾಶ್ರೀ ಫೋನ್ ಮಾಡಿದಳು.

“ಆ ಲಿನಕ್ಸ್ ಬಹಳ ಕಷ್ಟನೇನೇ?”

“ಕಷ್ಟನೇ ಕಣೇ. ಶುರುನಲ್ಲಿ ದಿನಾ ಬೈಕೋತೀಯ,” ಎಂದಳು ಲತಾಮಣಿ. “ಭಾನುವಾರ ಭಾವನ್ನ ಕರ್ಕೊಂಡು ಬತ್ತೀನಿ. ಊಟಕ್ಕೆ ಏನಾದ್ರೂ ಮಾಡಿರು.”