ಹಾವಿನ ಗೂಡಿನಲ್ಲಿ ತೆಂಗಿನ ನಾರು

ಕೋವಿಡ್ ಗಲಾಟೆ ತಣ್ಣಗಾದ ಮಾರನೆಯ ವರ್ಷ. ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯ ಒಂದು ಪ್ರಾಣಿ ಕ್ಲಿನಿಕ್ಕಿನಲ್ಲಿ ನಾನು ಹಿರಿಯ ವೈದ್ಯೆಯಾಗಿದ್ದೆ. ನಾಯಿ, ಬೆಕ್ಕು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಪಾಲು: ಗಿಳಿ, ಮೊಲ, ಆಮೆ, ಹಾವು. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ಪ್ರಾಣಿಗಳ ಹತ್ತಿರ ಇರುವ ತಾಳ್ಮೆ ಅವುಗಳನ್ನು ಸಾಕುವವರ ಹತ್ತಿರ ಇರಲಿಲ್ಲ.

ಅಷ್ಟು ವರ್ಷಗಳಲ್ಲಿ ಹಾವು ಹಿಡಿದುಕೊಂಡು ಬಂದ ಕನ್ನಡದವರನ್ನು ನಾನು ಕಂಡಿರಲಿಲ್ಲ. ನಮ್ಮವರು ಹಾವಿಗೆ ಕೈ ಮುಗಿಯುತ್ತಾರೆ, ಇಲ್ಲವೇ ಓಡುತ್ತಾರೆ, ಸಾಕುವುದಿಲ್ಲ. ಹಾಗಾಗಿ ಒಂದು ಶನಿವಾರ ವೇಟಿಂಗ್ ರೂಮಿನಿಂದ "ಅಮ್ಮ, ಆ ಡಬ್ಬಿ ಮೇಲೆ ಕೈ ಇಡಬೇಡ" ಎಂಬ ಮಾತು ಕೇಳಿದಾಗ ನಾನೇ ಎದ್ದು ಹೋಗಿ ಬಾಗಿಲು ತೆರೆದೆ.

ಬಂದವರು ಮೂವರು. ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆ ಮಾಡಿದ್ದ ಎಂಜಿನಿಯರ್ ರೂಪಾ, ಅವರ ಹನ್ನೊಂದು ವರ್ಷದ ಮಗಳು ಇಶಾ, ಮತ್ತು ರೂಪಾ ಅವರ ತಾಯಿ ಸಿದ್ದಗಂಗಮ್ಮ. ತಿಪಟೂರಿನ ಕಡೆಯಿಂದ ಬಂದು ಅವರಿಗೆ ಆರು ತಿಂಗಳಾಗಿತ್ತು. ಡಬ್ಬಿಯಲ್ಲಿದ್ದದ್ದು ಇಶಾಳ ಬಾಲ್ ಪೈಥಾನ್, ವಿಷವಿಲ್ಲದ ಸಾಧು ಹಾವು. ಹೆಸರು ಬಿಸ್ಕೆಟ್.

ಮುಚ್ಚಳ ತೆರೆದೆ. ಮನೆಯ ಗೂಡಿನ ಹಾಸನ್ನೇ ಡಬ್ಬಿಗೂ ತುಂಬಿ ತಂದಿದ್ದರು. ಒದ್ದೆ ತೆಂಗಿನ ನಾರಿನ ವಾಸನೆ ಮುಖಕ್ಕೆ ಬಂತು. ನಾನು ಅರಸೀಕೆರೆ ಪಕ್ಕದವಳು. ಸಿಪ್ಪೆ ನೆನೆಹಾಕಿದ ಹೊಂಡಗಳ ಪಕ್ಕದಲ್ಲೇ ಶಾಲೆಗೆ ನಡೆದುಹೋದವಳು. ಊರು ಬಿಟ್ಟ ಮೂವತ್ತೊಂದು ವರ್ಷದಲ್ಲಿ ಆ ವಾಸನೆ ಅಷ್ಟು ಘಾಟಾಗಿ ನನ್ನ ಮೂಗಿಗೆ ಬಿದ್ದಿರಲಿಲ್ಲ. ಎರಡು ಸಲ ಉಸಿರೆಳೆದುಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಹಾವಿನ ಗೂಡಿನ ತಳಕ್ಕೆ ಹಾಸುವ ವಸ್ತುವಿಗೆ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಕಾಗದ, ಮರದ ಹೊಟ್ಟು, ತೊಗಟೆಯ ಚೂರು, ತೆಂಗಿನ ನಾರಿನ ಪುಡಿ, ಹೀಗೆ ಹಲವು ಬಗೆ. ಹಾವು ಇಡೀ ಜೀವಮಾನ ಹೊಟ್ಟೆಯ ಮೇಲೆ ಮಲಗುವ ಪ್ರಾಣಿ, ಆದ್ದರಿಂದ ಹಾಸು ತಪ್ಪಿದರೆ ಹೊಟ್ಟೆಯ ಚರ್ಮ ಕೆಡುತ್ತದೆ. ಬಾಲ್ ಪೈಥಾನಿಗೆ ಗಾಳಿಯಲ್ಲಿ ಶೇಕಡಾ ಅರವತ್ತರಷ್ಟು ತೇವ ಬೇಕು, ಮೈ ಕೆಳಗೆ ಮಾತ್ರ ಒಣಗಿರಬೇಕು. ನಾರಿನ ಪುಡಿ ಇದಕ್ಕೆ ಒಳ್ಳೆಯದೇ, ಲೆಕ್ಕ ತಪ್ಪದೆ ನೀರು ಚಿಮುಕಿಸಿದರೆ.

ಬಿಸ್ಕೆಟ್ಟಿನ ಹೊಟ್ಟೆಯ ಮೇಲೆ ನಾಲ್ಕೈದು ಕೆಂಪು ಕಲೆಗಳಿದ್ದವು. ತೇವದ ಅಳತೆ ಕೇಳಿದೆ. ಇಶಾ ನೋಟ್‌ಬುಕ್ ತೆಗೆದು ತೋರಿಸಿದಳು. ದಿನವೂ ಸಂಜೆ ಐದಕ್ಕೆ ಬರೆದಿಟ್ಟಿದ್ದಳು, ಅರವತ್ತು, ಅರವತ್ತೆರಡು. ನಾನು ಮುಲಾಮು ಕೊಟ್ಟು, "ಹಾಸು ಬೆಸ್ಟ್ ಇದೆ, ಬದಲಾಯಿಸಬೇಡಿ" ಎಂದು ಕಳಿಸಿದೆ. ಹಾಸಿನೊಳಗೆ ಕೈ ಹಾಕಿ ನೋಡಲಿಲ್ಲ.

ಎರಡು ವಾರಕ್ಕೆ ಅವರು ಮತ್ತೆ ಬಂದಾಗ ಕಲೆಗಳು ಬೊಬ್ಬೆಗಳಾಗಿದ್ದವು. ತೂಕ ಸಾವಿರದ ನಾನೂರೈವತ್ತು ಗ್ರಾಂನಿಂದ ಸಾವಿರದ ಮುನ್ನೂರಹತ್ತಕ್ಕೆ ಇಳಿದಿತ್ತು. ಹಾವು ಇಲಿ ಮುಟ್ಟುತ್ತಿರಲಿಲ್ಲ. ಹೊಟ್ಟೆಯ ಹುರುಪೆ ಕೊಳೆಯುವ ಈ ರೋಗಕ್ಕೆ ಸ್ಕೇಲ್ ರಾಟ್ ಎನ್ನುತ್ತಾರೆ. ಸೋಂಕು ರಕ್ತಕ್ಕೆ ಇಳಿದರೆ ಹಾವು ಉಳಿಯುವುದಿಲ್ಲ. ಈ ಸಲ ಹಾಸನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದೆ. ಮೇಲೆ ಒಣಗಿದಂತಿದ್ದ ನಾರಿನಿಂದ ನೀರು ತೊಟ್ಟಿಕ್ಕಿತು.

ನನಗೆ ಸಿಟ್ಟು ನೆತ್ತಿಗೇರಿತು. "ಅಳತೆ ಅಂತ ಸುಳ್ಳು ಬರೆದ್ಯಾ? ಇದಕ್ಕೆ ಬಕೆಟ್‌ಗಟ್ಟಲೆ ನೀರು ಬಿದ್ದಿದೆ" ಎಂದು ಇಶಾಳನ್ನು ಗದರಿಸಿದೆ.

"ಐ ಸ್ವೇರ್, ಡಾಕ್ಟರ್ ಆಂಟಿ. ನಾನು ಹಾಕಿಲ್ಲ."

"ಇಶಾ, ಸಾಕು," ಎಂದರು ರೂಪಾ. "ಡಾಕ್ಟರ್, ನಂಗೂ ಆಗ್ತಿಲ್ಲ. ಆಫೀಸು, ಮೀಟಿಂಗು, ಮಧ್ಯೆ ಇದು. ಇವಳ ಕೈಲಿ ನೋಡ್ಕೊಳಕ್ಕಾಗಲ್ಲ ಅಂದ್ರೆ ಯಾವುದಾದ್ರೂ ಪ್ರಾಣಿ ರೆಸ್ಕ್ಯೂ ಸೆಂಟರಿಗೆ ಕೊಟ್ಬಿಡೋಣ. ನೀವೇ ಯಾರಾದ್ರೂ ಇದ್ರೆ ಹೇಳಿ."

ಇಶಾ ಅಳಲಿಲ್ಲ. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು ಅದರ ಮೇಲೆ ಬಾಗಿ ನಿಂತಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಸಿದ್ದಗಂಗಮ್ಮ ಎದ್ದರು.

"ಆ ಮಗೀನ ಯಾಕವ್ವ ಬೈತೀಯ. ನೀರು ಹುಯ್ದೋಳು ನಾನು."

ರೂಪಾ ತಾಯಿಯ ಮುಖ ನೋಡಿದರು. "ಯಾಕಮ್ಮ?"

ಮುದುಕಿ ಉತ್ತರವನ್ನು ಮಗಳಿಗಲ್ಲ, ನನಗೆ ಹೇಳಿದರು. "ಮದ್ವೆ ಆಗಿ ಬಂದಾಗ್ಲಿಂದ ನಲವತ್ತು ವರ್ಸ ನಾರಿನ ಸೊಸೈಟೀಲಿ ಹಗ್ಗ ಹೊಸ್ದಿವ್ನಿ ಕಣವ್ವ. ಇವ್ರ ಮನೇಲಿ ಏನೂ ವಾಸ್ನೇನೇ ಇಲ್ಲ. ಒಗ್ಗರಣೆ ಹಾಕುದ್ರೂ ಆ ಫ್ಯಾನು ಎಳ್ಕೊಂಡ್ ಹೋಯ್ತದೆ. ಇವ್ರೆಲ್ಲ ಹೋದ್ಮೇಲೆ ಒಂದು ಚೊಂಬು ನೀರು ಹುಯ್ದು, ಮುಚ್ಚಳ ಒಸಿ ಸರಿಸ್ಕೊಂಡು ಕೂತ್ಕೊತೀನಿ. ಕಣ್ಮುಚ್ಚುದ್ರೆ ಜೊತೇಲಿ ಕೆಲ್ಸ ಮಾಡ್ತಿದ್ದೋರೆಲ್ಲ ಪಕ್ಕದಾಗೆ ಕೂತಂಗಾಯ್ತದೆ. ಅದ್ಕೆ ಹಿಂಗಾಯ್ತದೆ ಅಂತ ನಂಗೊತ್ತಿರ್ಲಿಲ್ಲ. ತಪ್ಪಾಯ್ತು."

ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಬಿದ್ದ ನೀರು ಹೀಟ್ ಲ್ಯಾಂಪಿನ ಕಾವಿಗೆ ಸಂಜೆಯೊಳಗೆ ಮೇಲುಮೇಲೆ ಆರುತ್ತಿತ್ತು, ತಳದಲ್ಲಿ ಹಾಗೇ ನಿಲ್ಲುತ್ತಿತ್ತು. ಐದಕ್ಕೆ ಹುಡುಗಿ ಬರೆದ ಅಳತೆ ಸುಳ್ಳಾಗಿರಲಿಲ್ಲ.

ನನಗೆ ನಾಚಿಕೆಯಾಯಿತು. ಸರಿಯಾದ ತೇವದ ನಾರು ಅಷ್ಟು ಘಾಟಾಗಿ ನಾರುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ವಾಸನೆ ಮೂಗಿಗೆ ಹೊಡೆಯಿತೆಂದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಇದು ನಾನೇ ಜೂನಿಯರ್‌ಗಳಿಗೆ ಕಲಿಸುತ್ತಿದ್ದ ಪಾಠ. ಮೊದಲ ದಿನ ಆ ವಾಸನೆ ನನಗೂ ಬಂದಿತ್ತು. ವೈದ್ಯೆಯಾಗಿ ಮೂಸುವ ಬದಲು ಊರಿನವಳಾಗಿ ಮೂಸಿದ್ದೆ, ಎರಡು ವಾರ ಹಾಳಾಗಿತ್ತು. ಇದನ್ನು ಅವರ ಮುಂದೆ ಹೇಳಿದೆ. ಇಶಾಳ ಹತ್ತಿರ ಕ್ಷಮೆ ಕೇಳಿದೆ. "ಇಟ್ಸ್ ಓಕೆ, ಬಿಸ್ಕೆಟ್‌ನ ಸರಿ ಮಾಡಿ" ಎಂದಳು.

ನಾರನ್ನೆಲ್ಲ ತೆಗೆಸಿ ಪೇಪರ್ ಟವಲ್ ಹಾಸಿಸಿದೆ. ಮೂರು ದಿನಕ್ಕೊಂದರಂತೆ ಏಳು ಆಂಟಿಬಯಾಟಿಕ್ ಇಂಜೆಕ್ಷನ್. ಏಳು ಸಲವೂ ರೂಪಾ ಕೆಲಸಕ್ಕೆ ಮುಂಚೆ ಫ್ರೀವೇ ಟ್ರಾಫಿಕ್ಕಿನಲ್ಲಿ ಕರೆತಂದರು. ಏಳು ಸಲವೂ ಸಿದ್ದಗಂಗಮ್ಮ ಬಂದರು. ಹಾವನ್ನು ಹಿಡಿದುಕೊಳ್ಳುವವರು ಅವರೇ. ಹಗ್ಗ ಹೊಸೆದ ಕೈ, ಹಿಡಿತ ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ನನ್ನ ಟೆಕ್ನಿಷಿಯನ್ನುಗಳಿಗೂ ಆ ಹಿಡಿತ ಬರುತ್ತಿರಲಿಲ್ಲ. ಆದರೆ ಅವರು ಮಾತು ಬಿಟ್ಟಿದ್ದರು. ಮನೆಯಲ್ಲೂ ಹೀಗೇ ಇದ್ದಾರೆ, ಊಟ ಕಡಿಮೆ ಮಾಡಿದ್ದಾರೆ ಎಂದು ರೂಪಾ ಮೆಲ್ಲಗೆ ಹೇಳಿದರು. ಹಾವಿನ ಹೊಟ್ಟೆ ಮಾಯುತ್ತಿತ್ತು. ನಾನು ಮುದುಕಿಯ ಕೈಯಿಂದ ಏನು ಕಿತ್ತುಕೊಂಡಿದ್ದೆ ಎಂಬುದು ನನಗಲ್ಲದೆ ಯಾರಿಗೆ ಗೊತ್ತಾಗಬೇಕಿತ್ತು.

ಎರಡು ಸಲ ಪೊರೆ ಬಿಟ್ಟ ಮೇಲೆ ಬಿಸ್ಕೆಟ್ಟಿನ ಹೊಟ್ಟೆ ಸ್ವಚ್ಛವಾಯಿತು. ಇಲಿ ತಿಂದಿತು. ಹಾವು ಮನೆಯಲ್ಲೇ ಇರಲಿ ಎಂದು ರೂಪಾ ಒಪ್ಪಿದರು. ಕೊನೆಯ ಭೇಟಿಯಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಇನ್ನು ಮುಂದೆ ಯಾವ ಹಾಸು?

"ಕಾಗ್ದಾನೇ ಇರ್ಲಿ ಬಿಡವ್ವ," ಎಂದರು ಸಿದ್ದಗಂಗಮ್ಮ. "ಅದ್ರ ಹೊಟ್ಟೆ ಚೆನ್ನಾಗಿದ್ರೆ ಸಾಕು."

ಕಾಗದ ಸಾಕಾಗುತ್ತಿತ್ತು. ಆದರೆ ಹಾವು ಸಾಕುವವರಲ್ಲಿ ಇನ್ನೊಂದು ಪದ್ಧತಿಯಿದೆ. ಗೂಡಿನ ತಳವನ್ನು ಒಣಗಿಸಿಟ್ಟು, ಒಂದು ಮೂಲೆಯಲ್ಲಿ ಸಣ್ಣ ತೂತಿರುವ ಡಬ್ಬಿಯೊಳಗೆ ತೇವದ ನಾರು ತುಂಬಿಡುತ್ತಾರೆ. ಪೊರೆ ಬಿಡುವ ಸಮಯಕ್ಕೆ ಹಾವು ತಾನೇ ಒಳಗೆ ಹೋಗಿ ತಾನೇ ಹೊರಗೆ ಬರುತ್ತದೆ. ಆ ಡಬ್ಬಿಯ ತೇವ ಆರದಂತೆ ಯಾರಾದರೂ ದಿನವೂ ನೋಡಿಕೊಳ್ಳಬೇಕು.

ಪ್ಯಾಡ್ ತೆಗೆದುಕೊಂಡೆ. ವೃತ್ತಿಯಲ್ಲಿ ಮೊದಲ ಸಲ ಚೀಟಿಯನ್ನು ಕನ್ನಡದಲ್ಲಿ ಬರೆದೆ: "ಡಬ್ಬಿಯಲ್ಲಿ ತೆಂಗಿನ ನಾರು. ಪ್ರತಿದಿನ ಬೆಳಿಗ್ಗೆ ಎರಡು ಚಮಚ ನೀರು. ಹಾಕಬೇಕಾದವರು: ಸಿದ್ದಗಂಗಮ್ಮ."

ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿದರು. ತಮ್ಮ ಹೆಸರು ಬಂದಲ್ಲಿ ನಿಂತರು.

"ಎರಡೇ ಚಮಚ್ವ?"

"ಎರಡೇ. ಮೂರಾದ್ರೆ ಇಶಾ ನಂಗೆ ಫೋನ್ ಮಾಡ್ತಾಳೆ."

ಅವರು ನಕ್ಕರು. ಹೋಗುವಾಗ ಬಾಗಿಲಲ್ಲಿ ತಿರುಗಿ, "ನಿಂಗೂ ಈ ವಾಸ್ನೆ ಬೇಕು ಅಂತ ನಂಗೊತ್ತು ಕಣವ್ವ. ಬೆಳಿಗ್ಗೆ ಹೊತ್ತು ಬಾ, ಇಬ್ರೂ ಕೂತ್ಕೊಳವ" ಎಂದರು.

ನನಗೆ ಹಿತವಾದದ್ದನ್ನೇ ಮೊದಲು ಪರೀಕ್ಷಿಸಬೇಕು ಎಂಬುದು ಈ ಕೇಸು ಕಲಿಸಿದ ಪಾಠ. ಉಳಿದ ಎರಡು ವರ್ಷ ಅದನ್ನು ತಪ್ಪದೆ ಪಾಲಿಸಿದೆ. ಕ್ಲೈಂಟುಗಳ ಮನೆಗೆ ಹೋಗಬಾರದು ಎಂಬುದು ನಾನೇ ಮಾಡಿಕೊಂಡಿದ್ದ ಇನ್ನೊಂದು ನಿಯಮ. ಅದನ್ನೂ ಪಾಲಿಸಿದೆ. ಮಾರನೆಯ ವರ್ಷ ಸಿದ್ದಗಂಗಮ್ಮ ಊರಿಗೆ ವಾಪಸು ಹೋದರೆಂದು ಇಶಾ ಹೇಳಿದಳು. ಬೆರ್ರಿಯೆಸಾದಿಂದ ಅವರ ಮನೆಗೆ ಇಪ್ಪತ್ತೇ ನಿಮಿಷ. ನಾನು ಹೋಗಬೇಕಾಗಿತ್ತು.