ತಟ್ಟೆಗೆ ಅಡ್ಡ ಇಟ್ಟ ಕೈ

ನಮ್ಮ ಹೊಸದುರ್ಗದ ಕಡೆ ಊಟಕ್ಕೆ ಕೂತವನು ಮೊದಲ ಸಲ ಕೇಳಿದಾಗಲೇ ಹೂಂ ಅಂದರೆ ಹೊಟ್ಟೆಬಾಕ ಅನ್ನಿಸಿಕೊಳ್ಳುತ್ತಾನೆ. ಬೇಡ ಅನ್ನಬೇಕು, ತಟ್ಟೆಗೆ ಕೈ ಅಡ್ಡ ಇಡಬೇಕು. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಡಿಸಬೇಕು. ಇಲ್ಲದಿದ್ದರೆ ಅದೆಂಥ ಉಪಚಾರ?

ಹೆಣ್ಣಿನ ಮಾತೂ ಹಾಗೇ ಅಂತ ನಾನು ನಂಬಿದ್ದೆ. ಮದುವೆಗೆ ಮುಂಚೆ ಟೀ ಅಂಗಡಿಯಲ್ಲಿ ಗೆಳೆಯರು ಹೇಳಿಕೊಟ್ಟಿದ್ದೂ ಅದನ್ನೇ: ಮರ್ಯಾದಸ್ಥ ಹೆಂಗಸು ಬೇಕು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಬೇಡ ಅನ್ನುವುದು ಬರೀ ನಾಚಿಕೆ, ಕೇಳುತ್ತಾ ಕೂರುವವನು ಗಂಡಸೇ ಅಲ್ಲ. ಮದುವೆಯಾದ ಹೊಸದರಲ್ಲಿ ರಾತ್ರಿ ಹೊತ್ತು ಹೆಂಡತಿ "ಇವತ್ತು ಬ್ಯಾಡ್ರಿ" ಅಂದಾಗಲೆಲ್ಲ ನಾನು ನಕ್ಕೆ. ನಕ್ಕು ಸುಮ್ಮನಾಗಲಿಲ್ಲ. ಬರಬರುತ್ತಾ ಅವಳು ಬೇಡ ಅನ್ನುವುದನ್ನೇ ಬಿಟ್ಟಳು. ಹೊಂದಿಕೊಂಡಳು ಅಂತ ಒಳಗೊಳಗೇ ಹಿಗ್ಗಿದೆ. ಥೂ, ನನ್ನ ಬುದ್ಧಿಗಿಷ್ಟು.

ಒಂದು ಭಾನುವಾರ ಶ್ರೀರಾಂಪುರದ ಅವಳ ತವರಿಗೆ ಹೋದಾಗ ಅತ್ತೆ ಕೋಳಿಸಾರು ಮಾಡಿದ್ದರು. ಎರಡು ಮುದ್ದೆ ಉಂಡು ನಿಜಕ್ಕೂ ಹೊಟ್ಟೆ ಬಿರಿಯುತ್ತಿತ್ತು. ಕೈ ಅಡ್ಡ ಇಟ್ಟೆ. ಅಳಿಯಂದಿರಿಗೆ ಸಂಕೋಚ ಜಾಸ್ತಿ ಅಂತ ಅತ್ತೆ ಇನ್ನೊಂದನ್ನು ಕೈಮೇಲೇ ಇಟ್ಟರು. ಬಿಸಿಗೆ ಕೈ ಚುರ್ ಅಂದಿತು, ಎಲ್ಲರೂ ನಕ್ಕರು. ಹಿತ್ತಲಲ್ಲಿ ಕೈಗೆ ನೀರು ಹಾಕುತ್ತಿದ್ದ ಹೆಂಡತಿಯ ಮೇಲೆ ರೇಗಿದೆ: ಬಾಯಿಬಿಟ್ಟು ಬೇಡ ಅಂದರೂ ಇವರಿಗೆ ತಿಳಿಯುವುದಿಲ್ಲವಾ?

ಅವಳು ಚೊಂಬು ಕೆಳಗಿಟ್ಟಳು. "ನಾನೂ ಬಾಯಿಬಿಟ್ಟೇ ಹೇಳಿದ್ದೆ. ನಿಮಗೆ ತಿಳೀತಾ?"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಅವಳು "ನಾನು ಬರಲ್ಲ" ಅಂದಳು. ಅತ್ತೆಗೆ ಏನೂ ಗೊತ್ತಿಲ್ಲ. ತವರಿನ ಮೋಹ, ಕೈಹಿಡಿದು ಗಾಡಿ ಹತ್ತಿಸಿಕೊಂಡರೆ ಬರುತ್ತಾಳೆ ಅಂತ ನನಗೇ ಬುದ್ಧಿ ಹೇಳಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬ್ಯಾಡ ಅಂದ್ಲಲ್ಲ ಅತ್ತೆ, ಇರ್ಲಿ ಬಿಡ್ರಿ," ಅಂದು ಒಬ್ಬನೇ ಬೈಕ್ ಹತ್ತಿದೆ. ಅವಳು ಇನ್ನು ಯಾವತ್ತಾದರೂ ಬರುತ್ತಾಳೋ ಇಲ್ಲವೋ ಅಂತ ದಾರಿಯುದ್ದಕ್ಕೂ ಹೆದರಿಕೆ. ಬಾ ಅಂತ ಕರೆಯಲು ನನಗೆ ಮುಖವೂ ಇರಲಿಲ್ಲ.

ಮನೆಯಲ್ಲಿ ಅವ್ವ ಸೊಸೆ ಎಲ್ಲಿ ಅಂತ ಕೇಳಿದಳು. ಬರಲ್ಲ ಅಂದಳು ಅಂದೆ.

"ಹೆಣ್ಮಕ್ಳು ಹಂಗೇ ಅಂತಾರೆ ಕಣೋ. ನೀನು ಕರ್ಕಂಡು ಬರ್ಬೇಕಿತ್ತು," ಅನ್ನುತ್ತಾ ಅವ್ವ ಮುದ್ದೆ ಹಿಡಿದು ಬಂದಳು. ಹಸಿವಿರಲಿಲ್ಲ, ತಟ್ಟೆಗೆ ಕೈ ಅಡ್ಡ ಇಟ್ಟೆ. ಅವ್ವ ನಗುತ್ತಾ ನನ್ನ ಕೈ ಪಕ್ಕಕ್ಕೆ ಸರಿಸಿದಳು. ಹೆಂಡತಿಯ ಕೈಯನ್ನು ನಾನು ಸರಿಸಿದ್ದೂ ಹೀಗೇ, ನಗುತ್ತಾ.